ಗೇಮ್ ಡಿಸೈನ್ ಓದಲು ಬ್ರಿಟನ್‌ಗೆ: 18 ತಿಂಗಳ ವೀಸಾ, 33,400 ಪೌಂಡ್‌ನ ಗೆರೆ

ಬ್ರಿಟನ್‌ನಲ್ಲಿ ಡಿಗ್ರಿ ಮುಗಿಸಿದ ವಿದೇಶಿ ವಿದ್ಯಾರ್ಥಿಗಳು ಅಲ್ಲೇ ಎರಡು ವರ್ಷ ಉಳಿದು ಕೆಲಸ ಮಾಡಬಹುದು. ಇದಕ್ಕೆ ಕೊಡುವ ವೀಸಾದ ಹೆಸರು ಗ್ರಾಜುಯೇಟ್ ವೀಸಾ. 2027ರ ಜನವರಿ 1ರಿಂದ ಈ ಅವಧಿ 18 ತಿಂಗಳಿಗೆ ಇಳಿಯುತ್ತದೆ. ಸುದ್ದಿ ಇಷ್ಟೇ, ಗೊಂದಲ ಮಾತ್ರ ಬೇಕಾದಷ್ಟಿದೆ. ಈಗಾಗಲೇ ಓದುತ್ತಿರುವವರಿಗೂ ಇದು ಅನ್ವಯಿಸುತ್ತಾ? 41,700 ಪೌಂಡ್ ಸಂಬಳ ಬೇಕು ಅಂತಾರಲ್ಲ, ಅದು ಯಾರಿಗೆ? 33,400 ಅಂತ ಇನ್ನೊಂದು ಅಂಕಿ ಓಡಾಡುತ್ತಿದೆ, ಅದೇನು?

ನಿಯಮ ಎಲ್ಲ ಕೋರ್ಸಿನವರಿಗೂ ಒಂದೇ. ಆದರೆ ಪೆಟ್ಟು ಎಲ್ಲರಿಗೂ ಒಂದೇ ಥರ ಬೀಳುವುದಿಲ್ಲ. ಕಂಪ್ಯೂಟರ್ ಗೇಮ್ ಡಿಸೈನ್ ಓದಲು ಹೋಗುವವರಿಗೆ ಜೋರಾಗಿಯೇ ಬೀಳುತ್ತದೆ. ಆರು ತಿಂಗಳು ಕಡಿಮೆಯಾದದ್ದು ಅದಕ್ಕೆ ಸಣ್ಣ ಕಾರಣ. ದೊಡ್ಡ ಕಾರಣ ಆ 18 ತಿಂಗಳು ಮುಗಿದ ಮೇಲೆ ಎದುರಾಗುವ ಸಂಬಳದ ಗೆರೆ. ಗೇಮ್ ಸ್ಟುಡಿಯೋಗಳಲ್ಲಿ ಹೊಸಬರ ಸಂಬಳ ಆ ಗೆರೆಗಿಂತ ಕೆಳಗೇ ಶುರುವಾಗುತ್ತದೆ.

## ಯಾವ ತಾರೀಕು ಲೆಕ್ಕ

ಕೋರ್ಸ್ ಸೇರಿದ ತಾರೀಕು ಇಲ್ಲಿ ಲೆಕ್ಕಕ್ಕಿಲ್ಲ. ಗ್ರಾಜುಯೇಟ್ ವೀಸಾಗೆ ಅರ್ಜಿ ಹಾಕಿದ ತಾರೀಕೇ ಮುಖ್ಯ. 2026ರ ಡಿಸೆಂಬರ್ 31ರೊಳಗೆ ಹಾಕಿದವರಿಗೆ ಎರಡು ವರ್ಷ. ಮಾರನೇ ದಿನ ಹಾಕಿದವರಿಗೆ 18 ತಿಂಗಳು. ಪಿಎಚ್‌ಡಿ ಮುಗಿಸಿದವರಿಗೆ ಹಿಂದಿನ ಹಾಗೇ ಮೂರು ವರ್ಷ.

ಹಾಗಾದರೆ ಈಗಲೇ ಅರ್ಜಿ ಹಾಕಿಬಿಡೋಣ ಅಂದರೆ ಆಗುವುದಿಲ್ಲ. ಕೋರ್ಸ್ ಮುಗಿದಿದೆ ಎಂದು ವಿಶ್ವವಿದ್ಯಾಲಯ ಮೊದಲು ಅಲ್ಲಿನ ಗೃಹ ಇಲಾಖೆಯಾದ ಹೋಮ್ ಆಫೀಸ್‌ಗೆ ತಿಳಿಸಬೇಕು. ಅರ್ಜಿ ಹಾಕುವಾಗ ವಿದ್ಯಾರ್ಥಿ ಬ್ರಿಟನ್ ಒಳಗೇ ಇರಬೇಕು, ಸ್ಟೂಡೆಂಟ್ ವೀಸಾ ಚಾಲ್ತಿಯಲ್ಲಿರಬೇಕು.

2025ರ ಸೆಪ್ಟೆಂಬರ್‌ನಲ್ಲಿ ಒಂದು ವರ್ಷದ ಮಾಸ್ಟರ್ಸ್ ಸೇರಿದವರನ್ನು ತೆಗೆದುಕೊಳ್ಳಿ. ಅವರ ಪ್ರಾಜೆಕ್ಟ್ 2026ರ ಆಗಸ್ಟ್ ಅಥವಾ ಸೆಪ್ಟೆಂಬರ್‌ಗೆ ಮುಗಿಯುತ್ತದೆ. ಅಕ್ಟೋಬರ್, ನವೆಂಬರ್ ಹೊತ್ತಿಗೆ ಫಲಿತಾಂಶ ಬಂದರೆ ಎರಡು ವರ್ಷ ಸಿಗುತ್ತದೆ. ಒಂದು ವಿಷಯದಲ್ಲಿ ಮರುಪರೀಕ್ಷೆ ಬಿದ್ದು ಫಲಿತಾಂಶ ಜನವರಿಗೆ ಹೋಯಿತೋ, ಆರು ತಿಂಗಳು ಹೋಯಿತು ಎಂದೇ ಅರ್ಥ. 2026ರ ಜನವರಿ ಬ್ಯಾಚಿನಲ್ಲಿ ವರ್ಷದ ಕೋರ್ಸ್ ಸೇರಿದವರಿಗೆ ಎರಡು ವರ್ಷ ಕೂದಲೆಳೆಯಲ್ಲಿ ತಪ್ಪಿಹೋಗುತ್ತದೆ. 2026ರ ಸೆಪ್ಟೆಂಬರ್‌ಗೆ ಸೀಟು ಹುಡುಕುತ್ತಿರುವವರಂತೂ 18 ತಿಂಗಳು ಎಂದೇ ಲೆಕ್ಕ ಹಾಕಬೇಕು. ಡಿಗ್ರಿಗೆ ಈಗ ಸೇರುವವರಿಗೂ ಅಷ್ಟೇ.

## ಡಂಡಿಗೆ ಯಾಕೆ ಹೋಗುತ್ತಾರೆ

ಗೇಮ್ ಓದಲು ಬ್ರಿಟನ್ನೇ ಯಾಕೆ ಅನ್ನುವ ಪ್ರಶ್ನೆಗೆ ಸ್ಕಾಟ್ಲೆಂಡಿನ ಡಂಡಿ ಊರಿನ ಕತೆ ಒಳ್ಳೆ ಉತ್ತರ. ಜನಸಂಖ್ಯೆ ಸುಮಾರು ಒಂದೂವರೆ ಲಕ್ಷ. ಒಂದು ಕಾಲದಲ್ಲಿ ಬಂಗಾಳದಿಂದ ಹಡಗಿನಲ್ಲಿ ಬಂದ ಸೆಣಬು ಈ ಊರಿನ ಗಿರಣಿಗಳಲ್ಲಿ ಚೀಲವಾಗುತ್ತಿತ್ತು. ಗಿರಣಿಗಳು ಮುಚ್ಚಿದವು. 1980ರ ದಶಕದ ಶುರುವಿನಲ್ಲಿ ಇಲ್ಲಿನ ಟೈಮೆಕ್ಸ್ ಕಾರ್ಖಾನೆ ಸಿಂಕ್ಲೇರ್ ಕಂಪನಿಯ ಝಡ್‌ಎಕ್ಸ್ ಸ್ಪೆಕ್ಟ್ರಮ್ ಎಂಬ ಅಗ್ಗದ ಕಂಪ್ಯೂಟರನ್ನು ಜೋಡಿಸಿಕೊಡುತ್ತಿತ್ತು. ಊರಿನ ಹುಡುಗರ ಕೈಗೆ ಕಂಪ್ಯೂಟರ್ ಸಿಕ್ಕಿತು. ಟೈಮೆಕ್ಸ್‌ನಲ್ಲಿದ್ದ ಡೇವಿಡ್ ಜೋನ್ಸ್ ಕೆಲಸ ಬಿಟ್ಟಾಗ ಬಂದ ಪರಿಹಾರದ ದುಡ್ಡಿನಲ್ಲಿ ಅಮಿಗಾ ಕಂಪ್ಯೂಟರ್ ಕೊಂಡು, ಮುಂದೆ ಡಿಎಂಎ ಡಿಸೈನ್ ಎಂಬ ಕಂಪನಿ ಕಟ್ಟಿದರು. 1991ರಲ್ಲಿ 'ಲೆಮಿಂಗ್ಸ್' ಬಂತು, 1997ರಲ್ಲಿ 'ಗ್ರ್ಯಾಂಡ್ ಥೆಫ್ಟ್ ಆಟೋ'. ಅದೇ ಕಂಪನಿ ಆಮೇಲೆ ಎಡಿನ್‌ಬರೋಗೆ ಹೋಗಿ ರಾಕ್‌ಸ್ಟಾರ್ ನಾರ್ತ್ ಆಯಿತು.

ಅದೇ 1997ರಲ್ಲಿ ಡಂಡಿಯ ಅಬರ್ಟೇ ವಿಶ್ವವಿದ್ಯಾಲಯ ಕಂಪ್ಯೂಟರ್ ಗೇಮ್‌ಗೆಂದೇ ಡಿಗ್ರಿ ಶುರುಮಾಡಿತು. ಜಗತ್ತಿನಲ್ಲೇ ಮೊದಲು ಎಂದು ಅದು ಹೇಳಿಕೊಳ್ಳುತ್ತದೆ. ಕಾಲೇಜಿನಿಂದ ಸ್ವಲ್ಪ ದೂರ ನಡೆದರೆ ಸ್ಟುಡಿಯೋ, ಸ್ಟುಡಿಯೋದಲ್ಲಿ ಅದೇ ಕಾಲೇಜಿನ ಹಳೇ ವಿದ್ಯಾರ್ಥಿಗಳು. 'ಮೈನ್‌ಕ್ರಾಫ್ಟ್' ಆಟವನ್ನು ಎಕ್ಸ್‌ಬಾಕ್ಸ್, ಪ್ಲೇಸ್ಟೇಷನ್‌ಗೆ ತಂದ 4ಜೆ ಸ್ಟುಡಿಯೋಸ್ ಕೂಡ ಇಲ್ಲಿನದೇ. ಇಷ್ಟು ಹತ್ತಿರದ ನಂಟು ಸಿಗುವ ಊರುಗಳು ಕಮ್ಮಿ.

ದುಬಾರಿಯಂತೂ ಹೌದು. ಸ್ಕಾಟ್ಲೆಂಡಿನಲ್ಲಿ ಆನರ್ಸ್ ಡಿಗ್ರಿ ನಾಲ್ಕು ವರ್ಷ, ಇಂಗ್ಲೆಂಡಿನಲ್ಲಿ ಮೂರು. ಸ್ಕಾಟ್ಲೆಂಡಿನ ಮಕ್ಕಳ ಮೊದಲ ಡಿಗ್ರಿಗೆ ಅಲ್ಲಿನ ಸರ್ಕಾರವೇ ಫೀಸು ಕಟ್ಟುತ್ತದೆ, ವಿದೇಶದವರು ಪೂರ್ತಿ ಕಟ್ಟಬೇಕು. ಇಂಥ ಕೋರ್ಸ್‌ಗಳಿಗೆ ಹಲವು ಕಡೆ ವರ್ಷಕ್ಕೆ 15ರಿಂದ 20 ಸಾವಿರ ಪೌಂಡ್ ಆಗುತ್ತದೆ. ಇದಲ್ಲದೆ ಲಂಡನ್ ಹೊರಗೆ ಓದುವವರು ತಿಂಗಳಿಗೆ 1,171 ಪೌಂಡ್‌ನಂತೆ ಒಂಬತ್ತು ತಿಂಗಳ ಖರ್ಚು ಬ್ಯಾಂಕಿನಲ್ಲಿ 28 ದಿನ ಇಟ್ಟು ತೋರಿಸಬೇಕು. ಪೌಂಡ್‌ಗೆ 120 ರೂಪಾಯಿ ಎಂದು ಹಿಡಿದರೆ ಇದೇ ಹನ್ನೆರಡೂವರೆ ಲಕ್ಷ ದಾಟುತ್ತದೆ.

## ಸಂಬಳದ ಗೆರೆ ಎಲ್ಲಿ ಬೀಳುತ್ತದೆ

ಗ್ರಾಜುಯೇಟ್ ವೀಸಾದಲ್ಲಿ ಇರುವಷ್ಟು ದಿನ ಯಾವ ಕೆಲಸ, ಎಷ್ಟು ಸಂಬಳ ಎಂಬ ಕಟ್ಟುಪಾಡಿಲ್ಲ. ಕಂಪನಿಗೂ ತಲೆನೋವಿಲ್ಲ. ಸ್ಪಾನ್ಸರ್ ಮಾಡಬೇಕಿಲ್ಲ, ಸರ್ಕಾರಕ್ಕೆ ಶುಲ್ಕ ಕಟ್ಟಬೇಕಿಲ್ಲ. ಹಾಗಾಗಿ ಹೊಸಬರನ್ನು ತೆಗೆದುಕೊಳ್ಳಲು ಸಣ್ಣ ಸ್ಟುಡಿಯೋಗಳೂ ಹಿಂಜರಿಯುವುದಿಲ್ಲ.

ತೊಡಕು ಶುರುವಾಗುವುದು ಈ ವೀಸಾ ಮುಗಿದ ಮೇಲೆ. ಇದನ್ನು ಮುಂದುವರಿಸಲು ಬರುವುದಿಲ್ಲ. ಉಳಿಯಬೇಕಾದರೆ ಸಾಮಾನ್ಯವಾಗಿ ಕೆಲಸ ಕೊಡುವ ಕಂಪನಿ ಸ್ಪಾನ್ಸರ್ ಮಾಡುವ ಸ್ಕಿಲ್ಡ್ ವರ್ಕರ್ ವೀಸಾ ಬೇಕು. ಅದಕ್ಕೆ 2025ರ ಜುಲೈ 22ರಿಂದ ಕನಿಷ್ಠ ಸಂಬಳ ವರ್ಷಕ್ಕೆ 41,700 ಪೌಂಡ್. ಅದಕ್ಕೂ ಮುಂಚೆ 38,700 ಇತ್ತು. ಈಗಷ್ಟೇ ಓದು ಮುಗಿಸಿದವರಿಗೆ ಮತ್ತು 26 ವರ್ಷದೊಳಗಿನವರಿಗೆ ಇದರಲ್ಲಿ ರಿಯಾಯಿತಿ ಇದೆ, ಅವರಿಗೆ ಮಿತಿ 33,400 ಪೌಂಡ್. ಸುದ್ದಿಯಲ್ಲಿ ಎರಡು ಅಂಕಿ ಕಾಣುವುದು ಇದಕ್ಕೇ.

ಇಲ್ಲೇ ಇನ್ನೊಂದು ಸಣ್ಣಕ್ಷರದ ಷರತ್ತಿದೆ. ಪ್ರತಿ ಕೆಲಸಕ್ಕೂ ಸರ್ಕಾರ ಒಂದು ಚಾಲ್ತಿ ದರ ಗೊತ್ತುಮಾಡಿದೆ. ರಿಯಾಯಿತಿ ಪಡೆಯುವವರ ಸಂಬಳ ಆ ದರದ ಶೇ. 70ರಷ್ಟಾದರೂ ಇರಬೇಕು. 33,400 ಮತ್ತು ಈ ಶೇ. 70, ಎರಡರಲ್ಲಿ ಯಾವುದು ಜಾಸ್ತಿಯೋ ಅದೇ ನಿಮ್ಮ ಗೆರೆ. ಪ್ರೋಗ್ರಾಮರ್ ಕೆಲಸದ ಚಾಲ್ತಿ ದರ 50 ಸಾವಿರ ಪೌಂಡ್ ದಾಟಿದೆ. ಅಂದರೆ ಗೇಮ್ ಪ್ರೋಗ್ರಾಮರ್‌ಗೆ ರಿಯಾಯಿತಿ ಕೊಟ್ಟ ಮೇಲೂ 35 ಸಾವಿರಕ್ಕಿಂತ ಜಾಸ್ತಿ ಬೇಕಾಗುತ್ತದೆ.

ಗೇಮ್ ಸ್ಟುಡಿಯೋಗಳು ಜೂನಿಯರ್‌ಗಳಿಗೆ ಎಷ್ಟು ಕೊಡುತ್ತವೆ? ಲಂಡನ್ ಹೊರಗೆ ಜೂನಿಯರ್ ಡಿಸೈನರ್ ಸಂಬಳ ಸಾಮಾನ್ಯವಾಗಿ 30 ಸಾವಿರ ಪೌಂಡ್‌ಗಿಂತ ಕೆಳಗೇ ಇರುತ್ತದೆ. ಒಂದು ಸಣ್ಣ ಸ್ಟುಡಿಯೋವನ್ನು ಕಲ್ಪಿಸಿಕೊಳ್ಳಿ. ಮೈಸೂರಿನಿಂದ ಬಂದ ಹುಡುಗಿಗೂ ಡಂಡಿಯ ಹುಡುಗನಿಗೂ ಒಂದೇ ಕೆಲಸ, ಇಬ್ಬರಿಗೂ 27 ಸಾವಿರ. ಅವಳ ವೀಸಾ ಮುಗಿಯುವ ಹೊತ್ತಿಗೆ ಅವಳನ್ನು ಉಳಿಸಿಕೊಳ್ಳಲು ಸ್ಟುಡಿಯೋ ಅವಳಿಗೆ 6,400 ಪೌಂಡ್ ಜಾಸ್ತಿ ಕೊಡಬೇಕು. ಹಾಗೆ ಕೊಟ್ಟರೆ ಹುಡುಗ ಸುಮ್ನಿರ್ತಾನಾ? ಅವನಿಗಿಂತ ಮೂರು ವರ್ಷ ಸೀನಿಯರ್ ಆಗಿ 33 ಸಾವಿರ ಎಣಿಸುತ್ತಿರುವವರು ಸುಮ್ನಿರ್ತಾರಾ? ಸರ್ಕಾರಕ್ಕೆ ಕಟ್ಟುವ ಶುಲ್ಕ ಇದರ ಮುಂದೆ ದೊಡ್ಡದಲ್ಲ. ಸಣ್ಣ ಕಂಪನಿಗೆ ಕೌಶಲ ಶುಲ್ಕ ವರ್ಷಕ್ಕೆ 480 ಪೌಂಡ್, ದೊಡ್ಡದಕ್ಕೆ 1,320. ನಿಜವಾದ ಭಾರ ಇಡೀ ಸಂಬಳದ ಪಟ್ಟಿ ಏರುಪೇರಾಗುವುದು.

ಸಾಫ್ಟ್‌ವೇರ್ ಎಂಜಿನಿಯರಿಂಗ್ ಓದಿ ಬ್ಯಾಂಕೋ ವಿಮಾ ಕಂಪನಿಯೋ ಸೇರುವವರಿಗೆ ಈ ಗೆರೆ ದಾಟುವುದು ಅಷ್ಟು ಕಷ್ಟವಲ್ಲ. ಗೇಮ್ ಡಿಸೈನ್‌ನಲ್ಲಿ ಅದೇ ಗೆರೆ ಎರಡು ಬಡ್ತಿ ಆಚೆಗೆ ಇರುತ್ತದೆ. ಎರಡು ವರ್ಷ ಸಿಗುತ್ತಿದ್ದಾಗ ಒಂದು ಬಡ್ತಿಗಾದರೂ ಕಾಲಾವಕಾಶ ಇತ್ತು. ಆರು ತಿಂಗಳ ಕಡಿತ ನೋವು ಕೊಡುವುದು ಇಲ್ಲಿ.

ರಿಯಾಯಿತಿಯೂ ಶಾಶ್ವತವಲ್ಲ. ಒಟ್ಟು ನಾಲ್ಕು ವರ್ಷ ಮಾತ್ರ, ಗ್ರಾಜುಯೇಟ್ ವೀಸಾದ ಅವಧಿಯೂ ಅದರಲ್ಲೇ ಸೇರಿಹೋಗುತ್ತದೆ. ಆಮೇಲೆ 41,700 ಅಥವಾ ಆ ಕೆಲಸದ ಪೂರ್ತಿ ಚಾಲ್ತಿ ದರ, ಯಾವುದು ಜಾಸ್ತಿಯೋ ಅದು. ಸ್ಪಾನ್ಸರ್ ಮಾಡಿದ ಸ್ಟುಡಿಯೋ ನಡುವೆ ಬಾಗಿಲು ಹಾಕಿದರೆ ಹೊಸ ಸ್ಪಾನ್ಸರ್ ಹುಡುಕಲು ಸಾಮಾನ್ಯವಾಗಿ 60 ದಿನ. ಸ್ಟುಡಿಯೋ ಬಾಗಿಲು ಹಾಕುವುದು ಈಗ ಅಪರೂಪದ ಮಾತೂ ಅಲ್ಲ.

## ಸ್ಟುಡಿಯೋಗಳಲ್ಲಿ ಆದದ್ದೇನು

ಕೋವಿಡ್ ಕಾಲದಲ್ಲಿ ಜನ ಮನೆಯಲ್ಲೇ ಕೂತರು, ಆಟ ಜಾಸ್ತಿಯಾಯಿತು. ಬಡ್ಡಿ ದರ ತೀರಾ ಕಡಿಮೆ ಇತ್ತು, ಹೂಡಿಕೆ ಸುಲಭವಾಗಿ ಸಿಕ್ಕಿತು. ಕಂಪನಿಗಳು ಸಾಲುಸಾಲು ಜನ ತೆಗೆದುಕೊಂಡವು, ಒಂದನ್ನೊಂದು ಕೊಂಡವು. 2022ರಿಂದ ಬಡ್ಡಿ ಏರಿತು, ಆಡುವ ಸಮಯ ಮಾಮೂಲಿಗೆ ಬಂತು. ಆಮೇಲೆ ಲೆಕ್ಕ ಕೈಕೊಟ್ಟಿತು. ಸ್ವೀಡನ್ನಿನ ಗೇಮ್ ಕಂಪನಿ ಎಂಬ್ರೇಸರ್ ಹತ್ತಾರು ಸ್ಟುಡಿಯೋ ಕೊಂಡಿತ್ತು. 2023ರ ಮೇನಲ್ಲಿ 200 ಕೋಟಿ ಡಾಲರಿನ ಒಪ್ಪಂದವೊಂದು ಮುರಿದುಬಿದ್ದ ಮೇಲೆ ಒಂದೊಂದೇ ಮುಚ್ಚಲು ಶುರುಮಾಡಿತು. ಅದರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನ ಫ್ರೀ ರಾಡಿಕಲ್ ಡಿಸೈನ್ ಕೂಡ ಒಂದು. 2024ರ ಜನವರಿಯಲ್ಲಿ ಮೈಕ್ರೋಸಾಫ್ಟ್ ತನ್ನ ಗೇಮ್ ವಿಭಾಗದಿಂದ 1,900 ಜನರನ್ನು ತೆಗೆಯಿತು. ಮರುತಿಂಗಳು ಸೋನಿ ಪ್ಲೇಸ್ಟೇಷನ್ 900 ಜನರನ್ನು ತೆಗೆದು, ತನ್ನ ಲಂಡನ್ ಸ್ಟುಡಿಯೋವನ್ನೇ ಮುಚ್ಚಿತು.

ಇದರ ಪರಿಣಾಮ ಹೊಸಬರ ಮೇಲೆ ನೇರವಾಗಿ ಆಗುತ್ತದೆ. ಐದಾರು ವರ್ಷ ಅನುಭವ ಇರುವವರೇ ಕೆಲಸ ಹುಡುಕುತ್ತಾ ನಿಂತಿದ್ದಾರೆ. ಜೂನಿಯರ್ ಹುದ್ದೆಗೂ ಅವರೇ ಅರ್ಜಿ ಹಾಕುತ್ತಾರೆ. ಗೇಮ್ ಮಾಡುವ ಕೆಲಸ ಪ್ರಾಜೆಕ್ಟ್ ಲೆಕ್ಕದಲ್ಲಿ ನಡೆಯುವುದರಿಂದ ನೇಮಕಾತಿಗೆ ನಿಗದಿತ ಋತು ಎಂಬುದೂ ಇಲ್ಲ. ದುಡ್ಡು ಬಂದಾಗ ಜನ ಬೇಕು, ಆಟ ಬಿಡುಗಡೆಯಾದ ಮೇಲೆ ಬೇಡ. ವೀಸಾ ಮಾತ್ರ ದಿನ ಎಣಿಸುತ್ತಲೇ ಇರುತ್ತದೆ.

## ಯಾರ ವಾದ ಏನು

ಬ್ರಿಟನ್‌ನಲ್ಲಿ ಈ ವೀಸಾ ಬಂದು ಹೋಗುವುದು ಹೊಸದಲ್ಲ. ಹಳೇ ವ್ಯವಸ್ಥೆಯನ್ನು 2012ರಲ್ಲಿ ತೆಗೆದುಹಾಕಿದ್ದರು. 2021ರ ಜುಲೈನಲ್ಲಿ ಗ್ರಾಜುಯೇಟ್ ವೀಸಾ ಎಂಬ ಹೆಸರಿನಲ್ಲಿ ವಾಪಸ್ ತಂದರು. ಇದನ್ನು ಅತಿ ಹೆಚ್ಚು ಬಳಸಿದವರು ಭಾರತೀಯರೇ. 2025ರ ಮೇನಲ್ಲಿ ಹೊರಬಂದ ವಲಸೆ ಕುರಿತ ಶ್ವೇತಪತ್ರದಲ್ಲಿ ಕಡಿತದ ಪ್ರಸ್ತಾಪ ಬಂತು. ಓದು ಮುಗಿಸಿದ ಬಹಳ ಜನ ಡಿಗ್ರಿಗೆ ತಕ್ಕ ಕೆಲಸಕ್ಕೆ ಹೋಗುತ್ತಿಲ್ಲ, ವಲಸೆ ಕಡಿಮೆ ಮಾಡಲೇಬೇಕು ಎಂಬುದು ಸರ್ಕಾರದ ವಾದ.

ಸರ್ಕಾರಕ್ಕೆ ಸಲಹೆ ಕೊಡುವ ವಲಸೆ ಸಲಹಾ ಸಮಿತಿಯೇ ಇದಕ್ಕೆ ಒಂದು ವರ್ಷ ಮುಂಚೆ, 2024ರ ಮೇನಲ್ಲಿ, ಬೇರೆ ಮಾತು ಹೇಳಿತ್ತು. ವ್ಯಾಪಕ ದುರ್ಬಳಕೆ ಕಾಣುತ್ತಿಲ್ಲ, ವೀಸಾ ಈಗಿರುವ ಹಾಗೇ ಇರಲಿ ಎಂದು ಅದು ವರದಿ ಕೊಟ್ಟಿತ್ತು.

ವಿಶ್ವವಿದ್ಯಾಲಯಗಳ ಆತಂಕ ದುಡ್ಡಿನದು. ವಿದೇಶಿ ವಿದ್ಯಾರ್ಥಿಗಳ ಫೀಸಿನಿಂದಲೇ ಅವು ಸ್ಥಳೀಯ ವಿದ್ಯಾರ್ಥಿಗಳ ಖರ್ಚಿನ ಕೊರತೆ ತುಂಬಿಕೊಳ್ಳುತ್ತವೆ. ಡಂಡಿ ಊರಲ್ಲೇ ಇದಕ್ಕೆ ಪುರಾವೆ ಇದೆ. ಅಬರ್ಟೇ ನೆರೆಯ ಡಂಡಿ ವಿಶ್ವವಿದ್ಯಾಲಯ ದೊಡ್ಡ ಹಣಕಾಸು ಕೊರತೆಗೆ ಸಿಕ್ಕಿ, 2025ರ ಮಾರ್ಚ್‌ನಲ್ಲಿ 632 ಹುದ್ದೆ ಕಡಿತದ ಯೋಜನೆ ಮುಂದಿಟ್ಟಿತು. ವಿದೇಶಿ ವಿದ್ಯಾರ್ಥಿಗಳ ಸಂಖ್ಯೆ ಇಳಿದದ್ದು ಅದರ ಕಾರಣಗಳಲ್ಲಿ ಒಂದು. ಇದರ ಮೇಲೆ ಇಂಗ್ಲೆಂಡಿನಲ್ಲಿ 2028ರಿಂದ ಪ್ರತಿ ವಿದೇಶಿ ವಿದ್ಯಾರ್ಥಿಗೆ ವರ್ಷಕ್ಕೆ 925 ಪೌಂಡ್ ಲೆವಿ ಹಾಕುವುದಾಗಿ ಸರ್ಕಾರ ಹೇಳಿದೆ. ಸ್ಕಾಟ್ಲೆಂಡಿಗೆ ಅದು ಅನ್ವಯವಿಲ್ಲ. ಲೆವಿ ಕಟ್ಟಬೇಕಾದದ್ದು ವಿಶ್ವವಿದ್ಯಾಲಯ, ಆದರೆ ಅದು ಕೊನೆಗೆ ಯಾರ ಫೀಸಿಗೆ ಸೇರುತ್ತದೆ ಎಂದು ಊಹಿಸಲು ಕಷ್ಟವೇನಿಲ್ಲ ಅಲ್ವಾ?

ಗೇಮ್ ಉದ್ಯಮದ ನಿಲುವು ಸ್ವಲ್ಪ ವಿಚಿತ್ರ. ಹೊರಗಿನ ಪ್ರತಿಭೆ ಬೇಕು ಎನ್ನುತ್ತದೆ, ಅದೇ ಹೊತ್ತಿಗೆ ಜನರನ್ನೂ ಮನೆಗೆ ಕಳಿಸುತ್ತಿದೆ. ಎರಡೂ ಸುಳ್ಳಲ್ಲ. ಬೇಕಿರುವುದು ಆಟ ಓಡಿಸುವ ಮೂಲ ಸಾಫ್ಟ್‌ವೇರ್ ಬರೆಯುವ ಅನುಭವಸ್ಥ ಎಂಜಿನ್ ಪ್ರೋಗ್ರಾಮರ್‌ಗಳು, ಸಾಲುಗಟ್ಟಿ ನಿಂತಿರುವುದು ಹೊಸ ಡಿಸೈನರ್‌ಗಳು. ವಿಶ್ವವಿದ್ಯಾಲಯಗಳ ಜಾಹೀರಾತಿನಲ್ಲಿ ಮಾತ್ರ ಈ ವ್ಯತ್ಯಾಸ ಕಾಣುವುದಿಲ್ಲ. ನನ್ನ ತಕರಾರು ಇರುವುದು ಇಲ್ಲೇ. ವಿದೇಶಿ ವಿದ್ಯಾರ್ಥಿಗೆ ಸೀಟು ಮಾರುವಾಗ, ಹೋದ ಬ್ಯಾಚಿನ ವಿದೇಶಿ ವಿದ್ಯಾರ್ಥಿಗಳಲ್ಲಿ ಎಷ್ಟು ಜನರಿಗೆ ಸ್ಪಾನ್ಸರ್ ಸಿಕ್ಕಿತು ಎಂದು ಹೇಳುವ ಹೊಣೆ ಯಾರ ಮೇಲೂ ಇಲ್ಲ. ಏಜೆಂಟರನ್ನು ಕೇಳಿದರೆ ಕ್ಯಾಂಪಸ್ ಫೋಟೋ ತೋರಿಸುತ್ತಾರೆ.

## ಓದುವಾಗ ಸ್ವಂತ ಗೇಮ್ ಮಾರಬಹುದಾ

ಗೇಮ್ ವಿದ್ಯಾರ್ಥಿಗಳೇ ವಿಶೇಷವಾಗಿ ಸಿಕ್ಕಿಬೀಳುವ ಒಂದು ನಿಯಮ ಇದೆ. ಗೆಳೆಯರು ಸೇರಿ ಒಂದು ಸಣ್ಣ ಆಟ ಮಾಡುತ್ತಾರೆ. ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಹಾಕಲು 100 ಡಾಲರ್ ಸಾಕು. ಮೂರು ಪೌಂಡ್ ಬೆಲೆ ಇಟ್ಟು ಬಿಡುಗಡೆ ಮಾಡೋಣ ಅನ್ನಿಸುವುದು ಸಹಜ. ಆದರೆ ಸ್ಟೂಡೆಂಟ್ ವೀಸಾದಲ್ಲಿ ಸ್ವಂತ ಉದ್ಯೋಗ, ವ್ಯಾಪಾರ ಎರಡಕ್ಕೂ ಅವಕಾಶವಿಲ್ಲ. ಟರ್ಮ್ ನಡೆಯುವಾಗ ವಾರಕ್ಕೆ 20 ಗಂಟೆ ಕೆಲಸ ಮಾಡಬಹುದು ಎಂಬ ಮಾತಿದೆಯಲ್ಲ, ಅದು ಇನ್ನೊಬ್ಬರ ಕೈಕೆಳಗಿನ ನೌಕರಿಗೆ ಮಾತ್ರ. ಡಂಡಿಯ ಹಾಸ್ಟೆಲ್ ರೂಮಿನಲ್ಲಿ ಕೂತು ಬೆಂಗಳೂರಿನ ಕಂಪನಿಗೆ ಫ್ರೀಲಾನ್ಸ್ ಆರ್ಟ್ ಮಾಡಿಕೊಟ್ಟರೂ ಅದು ಸ್ವಂತ ಉದ್ಯೋಗವೇ.

ಜತೆಗಿರುವ ಬ್ರಿಟಿಷ್ ವಿದ್ಯಾರ್ಥಿಗೆ ಈ ತಡೆ ಇಲ್ಲ. ಓದು ಮುಗಿಯುವ ಹೊತ್ತಿಗೆ ಅವನ ಸಿವಿಯಲ್ಲಿ 'ಮಾರಾಟವಾದ ಆಟ' ಎಂಬ ಸಾಲು ಇರುತ್ತದೆ, ಮೈಸೂರಿನ ಹುಡುಗಿಯ ಸಿವಿಯಲ್ಲಿ ಇರುವುದಿಲ್ಲ. ಸ್ಟುಡಿಯೋಗಳು ಆ ಒಂದು ಸಾಲಿಗೆ ಬಹಳ ಬೆಲೆ ಕೊಡುತ್ತವೆ. ಕೋರ್ಸಿನ ಗುಂಪು ಪ್ರಾಜೆಕ್ಟ್, ಕಡಿಮೆ ಸಮಯದಲ್ಲಿ ಆಟ ಕಟ್ಟುವ ಗೇಮ್ ಜಾಮ್, ದುಡ್ಡು ತೆಗೆದುಕೊಳ್ಳದೆ ತೋರಿಸುವ ಡೆಮೊ ಇವೇ ಅವಳಿಗೆ ಉಳಿಯುವ ದಾರಿ. ಗ್ರಾಜುಯೇಟ್ ವೀಸಾ ಸಿಕ್ಕ ಮೇಲೆ ಸ್ವಂತ ಉದ್ಯೋಗಕ್ಕೆ ಅವಕಾಶ ಇದೆ. ಅಂದರೆ ಈ 18 ತಿಂಗಳು ಕೆಲಸ ಹುಡುಕುವ ಕಾಲವೂ ಹೌದು, ಮೊದಲ ಆಟ ಮಾರುವ ಕಾಲವೂ ಹೌದು.

ಮಾಸ್ಟರ್ಸ್‌ನವರು ಇನ್ನೊಂದು ನೆನಪಿಡಬೇಕು. ಬೇಸಿಗೆಯಲ್ಲಿ ಪ್ರಾಜೆಕ್ಟ್ ನಡೆಯುವಾಗ ಅದು ರಜೆ ಎಂದು ಲೆಕ್ಕವಾಗುವುದಿಲ್ಲ. ಆಗಲೂ 20 ಗಂಟೆಯೇ.

## ಡಿಸೈನೋ, ಕೋಡೋ

'ಗೇಮ್' ಎಂಬ ಹೆಸರಿನ ಡಿಗ್ರಿಗಳೆಲ್ಲ ಒಂದೇ ಅಲ್ಲ. ಅಬರ್ಟೇಯಲ್ಲೇ ಕಂಪ್ಯೂಟರ್ ಗೇಮ್ಸ್ ಟೆಕ್ನಾಲಜಿ ಬಿಎಸ್‌ಸಿ, ಅದರಲ್ಲಿ ಸಿ++ ಪ್ರೋಗ್ರಾಮಿಂಗ್ ಮತ್ತು ಗಣಿತ ಜೋರು. ಗೇಮ್ ಡಿಸೈನ್ ಅಂಡ್ ಪ್ರೊಡಕ್ಷನ್ ಬಿಎ, ಅದರಲ್ಲಿ ಆಟದ ನಿಯಮ, ಹಂತಗಳ ರಚನೆ, ತಂಡ ನಡೆಸುವುದು. ಮೊದಲನೆಯದನ್ನು ಓದಿದವರಿಗೆ ಗೇಮ್ ಕೆಲಸ ಸಿಗದಿದ್ದರೆ ಬೇರೆ ಸಾಫ್ಟ್‌ವೇರ್ ಕೆಲಸ ಇದೆ, ಅಲ್ಲಿ ಸಂಬಳದ ಗೆರೆಯೂ ಕೈಗೆಟಕುತ್ತದೆ. ಎರಡನೆಯದರಲ್ಲಿ ಆ ಪರ್ಯಾಯ ತೀರಾ ಕಡಿಮೆ.

ಡಿಸೈನರ್ ಕೆಲಸಕ್ಕೆ ಅರ್ಜಿ ಹಾಕುವವರ ಪೋರ್ಟ್‌ಫೋಲಿಯೋದಲ್ಲಿ ಸ್ಟುಡಿಯೋ ಏನು ನೋಡುತ್ತದೆ? ಚೆಂದದ ಚಿತ್ರಗಳನ್ನಲ್ಲ. ಬೂದು ಬಣ್ಣದ ಬರೀ ಪೆಟ್ಟಿಗೆಗಳಿಂದ ಕಟ್ಟಿದ ಒಂದು ಹಂತ, ಅದಕ್ಕೆ ಗ್ರೇಬಾಕ್ಸ್ ಅಂತಾರೆ. ಆಡುವವರು ಬಲಗಡೆ ಬಾಗಿಲು ಇರುವುದನ್ನು ಗಮನಿಸದೆ ಎಡಕ್ಕೇ ಹೋಗುತ್ತಿದ್ದರು, ಆದ್ದರಿಂದ ಬಾಗಿಲ ಮೇಲೆ ಒಂದು ದೀಪ ಇಟ್ಟೆ, ಎದುರಿನ ಗೋಡೆ ತಗ್ಗಿಸಿದೆ, ಮತ್ತೆ ಆಡಿಸಿ ನೋಡಿದೆ. ಈ ಥರದ ಎರಡು ಮೂರು ಸುತ್ತಿನ ದಾಖಲೆ ಇದ್ದರೆ ಅದು ಪದವಿ ಪತ್ರಕ್ಕಿಂತ ಜಾಸ್ತಿ ಕೆಲಸ ಮಾಡುತ್ತದೆ. ಇದನ್ನು ಕಲಿಯಲು ಬ್ರಿಟನ್‌ಗೇ ಹೋಗಬೇಕೆಂದಿಲ್ಲ. ತಂಡದಲ್ಲಿ ಕಲಿಯಲು ಅಲ್ಲಿನ ವಾತಾವರಣ ಒಳ್ಳೆಯದು ಎಂಬುದೂ ನಿಜ.

ಬೇರೆ ದೇಶಗಳ ಲೆಕ್ಕ ಬೇರೆ. ಜರ್ಮನಿ ಓದು ಮುಗಿಸಿದವರಿಗೆ ಕೆಲಸ ಹುಡುಕಲು 18 ತಿಂಗಳು ಕೊಡುತ್ತದೆ, ನೆದರ್ಲೆಂಡ್ಸ್ ಒಂದು ವರ್ಷ. ಕೆನಡಾದಲ್ಲಿ ಮೂರು ವರ್ಷದವರೆಗೆ ಕೆಲಸದ ಪರ್ಮಿಟ್ ಸಿಗಬಹುದು. ಆದರೆ 2024ರ ನವೆಂಬರ್‌ನಿಂದ ಕಾಲೇಜು ಡಿಪ್ಲೊಮಾಗಳಿಗೆ ವಿಷಯದ ನಿರ್ಬಂಧ ಬಂದಿದೆ, ಸರ್ಕಾರದ ಪಟ್ಟಿಯಲ್ಲಿರುವ ವಿಷಯಗಳಿಗಷ್ಟೇ ಪರ್ಮಿಟ್. ವಿಶ್ವವಿದ್ಯಾಲಯದ ಡಿಗ್ರಿಗೆ ಆ ನಿರ್ಬಂಧ ಇಲ್ಲ. ಹಾಗಾಗಿ ಅಲ್ಲಿ ಗೇಮ್ ಡಿಪ್ಲೊಮಾಗೆ ದುಡ್ಡು ಕಟ್ಟುವ ಮುಂಚೆ ಆ ಪಟ್ಟಿ ನೋಡಬೇಕು.

## ಬೆಂಗಳೂರಿಗೆ ವಾಪಸ್ ಬಂದರೆ

ಇಲ್ಲಿ ಇನ್ನೊಂದು ಸುದ್ದಿ ಪೋಷಕರ ತಲೆ ಕೆಡಿಸಿದೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಕಾಯ್ದೆ ಪಾಸು ಮಾಡಿತು. ಗೇಮೇ ನಿಷೇಧವಾಯಿತಲ್ಲ, ಓದಿ ಏನು ಮಾಡ್ತೀಯ ಎಂಬ ಮಾತು ಹಲವು ಮನೆಗಳಲ್ಲಿ ಬಂದಿದೆ. ನಿಷೇಧವಾದದ್ದು ದುಡ್ಡು ಕಟ್ಟಿ ದುಡ್ಡು ಗೆಲ್ಲುವ ಆಟಗಳು. ಇ-ಸ್ಪೋರ್ಟ್ಸ್ ಮತ್ತು ಪಣ ಇಲ್ಲದ ಆಟಗಳಿಗೆ ಉತ್ತೇಜನ ಕೊಡುವುದೂ ಅದೇ ಕಾಯ್ದೆಯ ಉದ್ದೇಶ. ಆದರೂ ಬೆಂಗಳೂರಿನ ಮೇಲೆ ಪರಿಣಾಮ ಆಗದೆ ಇಲ್ಲ. ಪಣದ ಆಟದ ಕಂಪನಿಗಳು ಒಳ್ಳೆ ಸಂಬಳ ಕೊಡುತ್ತಿದ್ದವು, ಅಲ್ಲಿಂದ ಹೊರಬಿದ್ದವರೂ ಈಗ ಕೆಲಸ ಹುಡುಕುವವರ ಸಾಲಿನಲ್ಲಿದ್ದಾರೆ.

ಬೆಂಗಳೂರಿಗೆ ಈ ಉದ್ಯಮ ಹೊಸದೇನಲ್ಲ. ಧ್ರುವ ಇಂಟರ್‌ಆ್ಯಕ್ಟಿವ್ ಇಲ್ಲಿ ಶುರುವಾದದ್ದೂ 1997ರಲ್ಲೇ. 2019ರಲ್ಲಿ ರಾಕ್‌ಸ್ಟಾರ್ ಅದನ್ನು ಕೊಂಡು ತನ್ನ ಬೆಂಗಳೂರು ಸ್ಟುಡಿಯೋಗೆ ಸೇರಿಸಿಕೊಂಡಿತು. ಹಾಗಾಗಿ ಡಂಡಿಯಲ್ಲಿ ಹುಟ್ಟಿದ ಆಟದ ಕೆಲಸ ಈಗ ಇಲ್ಲೂ ನಡೆಯುತ್ತದೆ. ಆದರೆ ಇಲ್ಲಿ ಬೆಳೆದಿರುವುದು ಹೆಚ್ಚಾಗಿ ಆರ್ಟ್, ಅನಿಮೇಷನ್, ಟೆಸ್ಟಿಂಗ್, ಕೋಡ್. ಆಟ ಹೇಗಿರಬೇಕು ಎಂದು ತೀರ್ಮಾನಿಸುವ ಡಿಸೈನರ್‌ಗಳು ಬಹುಪಾಲು ಮುಖ್ಯ ಕಚೇರಿಗಳಲ್ಲೇ ಕೂರುತ್ತಾರೆ. ಇಲ್ಲೇ ಓದುವ ದಾರಿಯೂ ಇದೆ. ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ (ಎನ್‌ಐಡಿ) ಬೆಂಗಳೂರು ಕ್ಯಾಂಪಸ್‌ನಲ್ಲಿ ಡಿಜಿಟಲ್ ಗೇಮ್ ಡಿಸೈನ್‌ನಲ್ಲಿ ಎಂ.ಡಿಸ್ ಎಂಬ ಸ್ನಾತಕೋತ್ತರ ಕೋರ್ಸ್ ಇದೆ. ಅನಿಮೇಷನ್, ಗೇಮಿಂಗ್ ಉದ್ಯಮಕ್ಕೆಂದು ರಾಜ್ಯ ಸರ್ಕಾರದ 2024-29ರ ನೀತಿಯೂ ಇದೆ.

ಹೊರಡುವ ಮುಂಚೆ ಮನೆಯಲ್ಲಿ ಕೂತು ಮಾಡಬೇಕಾದ ಲೆಕ್ಕ ಒಂದೇ. ವರ್ಷದ ಮಾಸ್ಟರ್ಸ್‌ಗೆ 30 ಲಕ್ಷ ಸಾಲ, ಶೇ. 11 ಬಡ್ಡಿ, ಹತ್ತು ವರ್ಷದ ಅವಧಿ ಎಂದುಕೊಳ್ಳಿ. ಕಂತು ತಿಂಗಳಿಗೆ ಸುಮಾರು 41,300 ರೂಪಾಯಿ. ಬ್ರಿಟನ್‌ನಲ್ಲಿ 27 ಸಾವಿರ ಪೌಂಡ್ ಸಂಬಳ ಇರುವಷ್ಟು ದಿನ ಇದನ್ನು ಕಟ್ಟಬಹುದು. ಹತ್ತೊಂಬತ್ತನೇ ತಿಂಗಳಿಂದ ಬೆಂಗಳೂರಿನ ಜೂನಿಯರ್ ಸಂಬಳದಲ್ಲಿ ಕಟ್ಟಬೇಕಾಗಿ ಬಂದರೆ, ರೂಮಿನ ಬಾಡಿಗೆ ಕೊಟ್ಟ ಮೇಲೆ ಎಷ್ಟು ಉಳಿಯುತ್ತದೆ ಎಂಬುದನ್ನು ಸಾಲಕ್ಕೆ ಸಹಿ ಹಾಕುವ ಮುಂಚೆಯೇ ಬರೆದು ನೋಡಬೇಕು.